ಹಳೇ ಆಲ್ಟರ್ನೇಟರ್, ಹೊಸ ಸುಳ್ಳು: ಆನ್‌ಲೈನ್‌ನಲ್ಲಿ ಮೋಸ ಹೋದ್ರೆ ದುಡ್ಡು ವಾಪಸ್ ಪಡೆಯೋದು ಹೇಗೆ?

ಇವತ್ತು ರಾಜಕೀಯ ಇಲ್ಲ. ಇವತ್ತು ಒಂದು ಆಲ್ಟರ್ನೇಟರ್ ಕಥೆ. ಬೆಲೆ 6,800 ರೂಪಾಯಿ. ಇಷ್ಟು ಚಿಕ್ಕ ವಿಷಯಕ್ಕೆ ಅರ್ಧ ಗಂಟೆ ಯಾಕೆ ಅಂತ ಕೇಳಬೇಡಿ, ಕೊನೆವರೆಗೂ ಕೇಳಿ.

ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಹೊರಟಿದ್ದೆ. ನಮ್ಮ ಆಫೀಸಿನವರನ್ನ ರಾತ್ರಿ ಹೊತ್ತು ಡ್ರಾಪ್ ಮಾಡುವ ಕ್ಯಾಬ್ ಚಾಲಕರೊಬ್ಬರಿದ್ದಾರೆ. ಕೆ.ಆರ್. ಪುರದವರು, ಸ್ವಂತ ಗಾಡಿ, ಸಾಲದ ಗಾಡಿ. ನನ್ನನ್ನ ಇಂದಿರಾನಗರದಲ್ಲಿ ಇಳಿಸಿ ಹಳೇ ಮದ್ರಾಸ್ ರಸ್ತೆ ಹಿಡಿದು ಮನೆಗೆ ಹೋಗ್ತಾರೆ. ಅವತ್ತು ಜೋರು ಮಳೆ. ಹಲಸೂರು ಕೆರೆ ಹತ್ತಿರ ಸಿಗ್ನಲ್‌ನಲ್ಲಿ ನಿಂತಿದ್ದೀವಿ. ಮೊದಲು ಹೆಡ್‌ಲೈಟ್ ಮಂಕಾಯ್ತು. ಆಮೇಲೆ ವೈಪರ್ ನಿಧಾನ ಆಯ್ತು. ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ಗುರುತಿನ ಕೆಂಪು ದೀಪ ಬಂತು. ಅಷ್ಟೇ, ಗಾಡಿ ಆಫ್.

ನಾನು ಎಂಜಿನಿಯರಿಂಗ್ ಓದಿದವನು ನೋಡಿ, ತಕ್ಷಣ ತೀರ್ಪು ಕೊಟ್ಟೆ. "ಬ್ಯಾಟರಿ ಹೋಗಿದೆ." ಅವರು ತಲೆ ಅಲ್ಲಾಡಿಸಿದರು. "ಬ್ಯಾಟರಿ ಹೊಸದು ಸಾರ್. ಆಲ್ಟರ್ನೇಟರ್ ಹಾಕ್ಸಿ ಒಂಬತ್ತು ದಿನ ಆಯ್ತು. ಸೆಕೆಂಡ್ಸ್. ಆನ್‌ಲೈನಲ್ಲಿ ತಗೊಂಡೆ."

ಮರುದಿನ ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಮಾರಿದವನು ಉತ್ತರ ಕೊಟ್ಟಿದ್ದ. "ಗಾಡಿಗೆ ಫಿಟ್ ಮಾಡಿದ ಮಾಲು ವಾಪಸ್ ಇಲ್ಲ." ಅವರು ಕೇಳಿದ್ದು ಒಂದೇ ಪ್ರಶ್ನೆ. "ಟೀವಿಯಲ್ಲಿ ನೀವೇ ಹೇಳಿದ್ರಲ್ಲ ಸಾರ್, ಮೋಸ ಆದ್ರೆ ಗ್ರಾಹಕರ ಕೋರ್ಟಿಗೆ ಹೋಗಿ ಅಂತ. ಎಲ್ಲಿದೆ ಸಾರ್ ಅದು? ಅಲ್ಲಿ ಹೋಗಿ ಏನಂತ ಹೇಳ್ಬೇಕು?"

ನನ್ನ ಬಾಯಿಂದ ಉತ್ತರ ಬರಲಿಲ್ಲ. ಎಷ್ಟು ಸಲ ಈ ಸ್ಟುಡಿಯೋದಲ್ಲಿ ಕೂತು "ಗ್ರಾಹಕರ ಕೋರ್ಟಿಗೆ ಹೋಗಿ" ಅಂದಿದ್ದೀನೋ ಲೆಕ್ಕ ಇಲ್ಲ. ದಾರಿ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಇವತ್ತು ಹೇಳ್ತೀನಿ.

ಅದಕ್ಕೂ ಮೊದಲು ಒಂದು ಮಾತು. ನಾನು ಆ ಮಾರಾಟಗಾರನಿಗೆ ಚಾನೆಲ್ ಹೆಸರು ಹೇಳಿ ಫೋನ್ ಮಾಡಬಹುದಿತ್ತು. ಹತ್ತು ನಿಮಿಷದಲ್ಲಿ ದುಡ್ಡು ಬರ್ತಿತ್ತು. ಮಾಡಲಿಲ್ಲ. ಯಾಕಂದ್ರೆ ನಿಮ್ಮ ಕೈಯಲ್ಲಿ ಮೈಕ್ ಇರೋದಿಲ್ಲ. ಮೈಕ್ ಇಲ್ಲದೆ ಬರೀ ಕಾನೂನಿನ ದಾರಿಯಲ್ಲಿ ಹೋದರೆ ಕೆಲಸ ಆಗುತ್ತಾ? ಅದನ್ನ ನಾನೂ ನೋಡಬೇಕಿತ್ತು.

ನೀವು ಕೊಂಡಿದ್ದು ಏನು?

ಶಿವಾಜಿನಗರದ ಗುಜರಿ ಗಲ್ಲಿಗಳನ್ನ ನೀವು ನೋಡಿರಬಹುದು. ರಸೆಲ್ ಮಾರ್ಕೆಟ್ ಸುತ್ತಮುತ್ತ ಓಡಾಡಿದವರಿಗೆ ಗೊತ್ತು. ಬಿಚ್ಚಿಟ್ಟ ಬಾಗಿಲು, ಬಾನೆಟ್, ಗೇರ್‌ಬಾಕ್ಸ್, ರೇಡಿಯೇಟರ್, ಕಣ್ಣು ಕಿತ್ತಂತೆ ಕಾಣುವ ಹೆಡ್‌ಲ್ಯಾಂಪ್. ದಂಡು ಪ್ರದೇಶದಲ್ಲಿ ಹಳೇ ಸಾಮಾನು ಹುಡುಕುವವರು ಮೊದಲು ಹೋಗೋದೇ ಅಲ್ಲಿಗೆ. ಅಲ್ಲಿ ಖರೀದಿ ಹೇಗೆ ನಡೆಯುತ್ತೆ? ನಿಮ್ಮ ಕೆಟ್ಟ ಆಲ್ಟರ್ನೇಟರನ್ನ ಕೈಯಲ್ಲಿ ಹಿಡಿದು ಹೋಗ್ತೀರಿ. ಅವರು ಒಳಗಿಂದ ಇನ್ನೊಂದು ತಂದು ಪಕ್ಕದಲ್ಲಿ ಇಡ್ತಾರೆ. ಪುಲ್ಲಿಯ ಗಾಡಿ ಗೆರೆ ಎಣಿಸ್ತೀರಿ. ಕನೆಕ್ಟರಿನ ಪಿನ್ ಎಣಿಸ್ತೀರಿ. ಬೋಲ್ಟ್ ತೂತು ಕೂರುತ್ತಾ ನೋಡ್ತೀರಿ. ಕೈಯಲ್ಲಿ ತಿರುಗಿಸಿ ಬೇರಿಂಗ್ ಶಬ್ದ ಕೇಳ್ತೀರಿ. ಆಮೇಲೆ ಚೌಕಾಸಿ. ಅಲ್ಲಿಗೆ ಮುಗೀತು. ಮನೆಗೆ ಹೋದ ಮೇಲೆ ಕೆಟ್ಟರೆ, ನೋಡಿಯೇ ತಗೊಂಡಿರಲ್ಲ ಅಂತಾರೆ.

ಆನ್‌ಲೈನ್‌ನಲ್ಲಿ? ಆ ಗಲ್ಲಾ ಇಲ್ಲ. ಮುಟ್ಟೋದು, ಎಣಿಸೋದು, ಕೇಳೋದು ಯಾವುದೂ ಇಲ್ಲ. ಅದರ ಜಾಗಕ್ಕೆ ಏನು ಬಂತು? ಮೂರು ಫೋಟೋ, ನಾಲ್ಕು ಸಾಲು. ನಮ್ಮ ಚಾಲಕರು ನೋಡಿದ ಸಾಲು ಇಷ್ಟು: "ಒರಿಜಿನಲ್, 90 ಆಂಪಿಯರ್, ಟೆಸ್ಟ್ ಮಾಡಿದೆ, ನೇರವಾಗಿ ಫಿಟ್ ಆಗುತ್ತೆ." ಅವರು ದುಡ್ಡು ಕೊಟ್ಟಿದ್ದು ಈ ನಾಲ್ಕು ಸಾಲನ್ನ ನಂಬಿ.

ಇದನ್ನೇ ಕಾನೂನು ಕೂಡ ಹೇಳುತ್ತೆ, ಅದೂ 1930ರಿಂದ. ಸರಕು ಮಾರಾಟ ಕಾಯ್ದೆಯ 15ನೇ ಕಲಂ ನೋಡಿ. ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. ಅದು ಬಾಯಿಬಿಟ್ಟು ಹೇಳದಿದ್ದರೂ ಒಪ್ಪಂದದಲ್ಲಿ ಇದ್ದೇ ಇರುವ ಷರತ್ತು. ಹೊಸದಕ್ಕೂ ಸರಿ, ಹಳೆಯದಕ್ಕೂ ಸರಿ.

ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಹಳೇ ಸಾಮಾನು ಹಳೇದಾಗಿರೋದು ಮೋಸ ಅಲ್ಲ. ಸವೆದ ಬ್ರಷ್, ಗೀರು ಬಿದ್ದ ಬಾಡಿ, ತುಕ್ಕು ಹಿಡಿದ ಬೋಲ್ಟ್, ಇದೆಲ್ಲ ಸೆಕೆಂಡ್ಸ್ ಅನ್ನೋ ಪದದೊಳಗೇ ಬಂತು. "ಇನ್ನೂ ಎರಡು ವರ್ಷ ಬರುತ್ತೆ ಅಂದ್ಕೊಂಡಿದ್ದೆ" ಅಂತ ದೂರು ಕೊಟ್ಟರೆ ನಿಲ್ಲಲ್ಲ. "90 ಅಂತ ಬರೆದು 70 ಕೊಟ್ಟಿದ್ದಾನೆ" ಅಂದ್ರೆ ನಿಲ್ಲುತ್ತೆ. ಮೊದಲನೆಯದು ನಿಮ್ಮ ಆಸೆ. ಎರಡನೆಯದು ಅವನ ಮಾತು. ಜಗಳ ಯಾವಾಗಲೂ ಅವನ ಮಾತಿನ ಮೇಲೆ ಇರಬೇಕು.

90ಕ್ಕೂ 70ಕ್ಕೂ ಏನು ವ್ಯತ್ಯಾಸ?

ಈಗ ಎರಡು ನಿಮಿಷ ಎಂಜಿನಿಯರಿಂಗ್. ಹೆದರಬೇಡಿ, ಸುಲಭ ಇದೆ.

ಇಂಜಿನ್ ತಿರುಗುವಾಗ ಬೆಲ್ಟ್ ಮೂಲಕ ಆಲ್ಟರ್ನೇಟರ್ ತಿರುಗುತ್ತೆ, ಕರೆಂಟ್ ಹುಟ್ಟುತ್ತೆ. ಒಳಗಿನ ಡಯೋಡ್‌ಗಳು ಅದನ್ನ ಡಿಸಿ ಮಾಡುತ್ತವೆ. ರೆಗ್ಯುಲೇಟರ್ ವೋಲ್ಟೇಜನ್ನ ಹಿಡಿತದಲ್ಲಿ ಇಡುತ್ತೆ. ಗಾಡಿಯ ದೀಪ, ಎಸಿ ಬ್ಲೋವರ್, ವೈಪರ್ ಎಲ್ಲಕ್ಕೂ ಕರೆಂಟ್ ಕೊಟ್ಟು, ಉಳಿದದ್ದರಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತೆ.

14 ವೋಲ್ಟ್‌ನಲ್ಲಿ 90 ಆಂಪಿಯರ್ ಅಂದ್ರೆ 1,260 ವ್ಯಾಟ್. 70 ಆಂಪಿಯರ್ ಅಂದ್ರೆ 980 ವ್ಯಾಟ್. 280 ವ್ಯಾಟ್ ಕಡಿಮೆ. ಅದೂ ಇಂಜಿನ್ ವೇಗವಾಗಿ ತಿರುಗಿದಾಗ ಸಿಗುವ ಲೆಕ್ಕ. ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಗಾಡಿ ನಿಂತಲ್ಲೇ ಗುರ್ ಅಂತಿರುವಾಗ ಯಾವ ಆಲ್ಟರ್ನೇಟರೂ ಪೂರ್ತಿ ಕೊಡಲ್ಲ, ಬಹಳ ಕಡಿಮೆ ಕೊಡುತ್ತೆ. ಹಗಲಲ್ಲಿ ಖಾಲಿ ರಸ್ತೆಯಲ್ಲಿ ಓಡಿಸಿದರೆ ಕೊರತೆ ಗೊತ್ತೇ ಆಗಲ್ಲ. ರಾತ್ರಿ, ಮಳೆ, ಎಸಿ, ಹೆಡ್‌ಲೈಟ್, ವೈಪರ್, ಮೇಲೆ ಟ್ರಾಫಿಕ್, ಎಲ್ಲ ಸೇರಿದಾಗ ಬ್ಯಾಟರಿ ತನ್ನ ಉಳಿತಾಯದಿಂದ ಖರ್ಚು ಮಾಡೋಕೆ ಶುರು ಮಾಡುತ್ತೆ. ಸಂಬಳಕ್ಕಿಂತ ಖರ್ಚು ಜಾಸ್ತಿ ಇರುವ ಮನೆಯ ಥರ. ಸ್ವಲ್ಪ ದಿನ ನಡೆಯುತ್ತೆ. ಒಂದು ರಾತ್ರಿ ನಿಲ್ಲುತ್ತೆ. ಒಂಬತ್ತು ದಿನ ಸುಮ್ಮನಿದ್ದ ಗಾಡಿ ಹತ್ತನೇ ರಾತ್ರಿ ಹಲಸೂರಲ್ಲಿ ನಿಂತಿದ್ದು ಹೀಗೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಮಲ್ಟಿಮೀಟರ್ ಹಿಡಿದು ಬ್ಯಾಟರಿ ಟರ್ಮಿನಲ್ ಮೇಲೆ ಇಡಿ. ಇಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರಬೇಕು. ಆನ್ ಮಾಡಿದ ಮೇಲೆ 13.8ರಿಂದ 14.5ರ ನಡುವೆ. ಈಗ ಹೆಡ್‌ಲೈಟ್, ಎಸಿ ಎಲ್ಲ ಹಾಕಿ. ವೋಲ್ಟೇಜ್ ಜಾರ್ತಾ ಹೋಗಿ 13ಕ್ಕಿಂತ ಕೆಳಗಿಳಿದರೆ ಆಲ್ಟರ್ನೇಟರ್ ಸಾಕಾಗ್ತಿಲ್ಲ ಅಂತ ಅನುಮಾನ ಪಡಿ. ಹೊಸ ಮಾದರಿಯ ಕೆಲವು ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನ ಏರಿಳಿಸುತ್ತೆ, ಅಲ್ಲಿ ಈ ಲೆಕ್ಕ ನೇರವಾಗಿ ಹೊಂದಲ್ಲ. ಆದ್ರೆ ಇದು ಅನುಮಾನ ಪಡೋಕೆ ಮಾತ್ರ. ಸಾಕ್ಷಿ ಬೇಕಂದ್ರೆ ಬಿಚ್ಚಿ ಬೆಂಚ್ ಟೆಸ್ಟ್ ಮಾಡಿಸಲೇಬೇಕು.

ಸಾಕ್ಷಿ: ಮೊದಲ ದಿನವೇ, ಮೊದಲ ಗಂಟೆಯೇ

ನಾವು ಆ ಜಾಹೀರಾತನ್ನ ಮತ್ತೆ ತೆರೆದು ನೋಡಿದೆವು. ಏನಾಗಿತ್ತು ಗೊತ್ತಾ? "90 ಆಂಪಿಯರ್" ಅನ್ನೋದು "70-90 ಆಂಪಿಯರ್" ಆಗಿತ್ತು! ದೂರು ಹೋದ ಮೇಲೆ ಸಾಲು ಬದಲಾಗಿದೆ. ನಮ್ಮವರು ಮೂಲ ಪುಟದ ಫೋಟೋ ತೆಗೆದಿಟ್ಟಿರಲಿಲ್ಲ. ಅಲ್ಲಿಗೆ ಕೇಸ್ ಮುಗೀತು ಅಂದ್ಕೊಂಡೆ.

ಮುಗಿದಿರಲಿಲ್ಲ. ಕೊಳ್ಳುವ ಮುಂಚೆ ಅವರು ಹಲಸೂರಿನ ತಮ್ಮ ಆಟೋ ಎಲೆಕ್ಟ್ರೀಷಿಯನ್‌ಗೆ ವಾಟ್ಸಾಪ್‌ನಲ್ಲಿ ಆ ಪುಟದ ಸ್ಕ್ರೀನ್‌ಶಾಟ್ ಕಳಿಸಿ "ಅಣ್ಣಾ, ಇದು ನಮ್ಮ ಗಾಡಿಗೆ ಆಗುತ್ತಾ?" ಅಂತ ಕೇಳಿದ್ದರು. ತಾರೀಖು, ಸಮಯ ಸಮೇತ ಅದು ಅಲ್ಲೇ ಕೂತಿತ್ತು. ಕೇಸ್ ಉಳಿಸಿದ್ದು ವಕೀಲರಲ್ಲ, ಎಂಜಿನಿಯರ್ ಅಲ್ಲ, "ಅಣ್ಣಾ" ಅಂತ ಕೇಳಿದ ಆ ಒಂದು ಮೆಸೇಜು.

ಎಲ್ಲರಿಗೂ ಈ ಅದೃಷ್ಟ ಇರಲ್ಲ. ಹಾಗಾಗಿ ಬರೆದಿಟ್ಟುಕೊಳ್ಳಿ.

ಒಂದು, ದುಡ್ಡು ಕಟ್ಟುವ ಮೊದಲೇ ಜಾಹೀರಾತಿನ ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೀರಿ. ವಿವರಣೆ, ಫೋಟೋ, ಬೆಲೆ, ಮಾರಾಟಗಾರನ ಹೆಸರು, ರಿಟರ್ನ್ ನಿಯಮ ಎಲ್ಲ ಇರಲಿ.

ಎರಡು, ಮಾರಾಟಗಾರನ ಜೊತೆ ಮಾತುಕತೆ ಬರವಣಿಗೆಯಲ್ಲಿರಲಿ. ಫೋನಲ್ಲಿ ಮಾತಾಡಿದರೆ ಆಮೇಲೆ "ನೀವು ಹೇಳಿದ ಹಾಗೆ 90 ಆಂಪಿಯರ್ ತಾನೆ?" ಅಂತ ಒಂದು ಮೆಸೇಜ್ ಹಾಕಿ. ಅವನು "ಹೌದು" ಅಂದ್ರೆ ಅದೇ ಸಾಕ್ಷಿ.

ಮೂರು, ಪಾರ್ಸೆಲ್ ಒಡೆಯುವಾಗ ತುಂಡಿಲ್ಲದ ಒಂದೇ ವಿಡಿಯೋ ಮಾಡಿ. ಮೇಲಿನ ಚೀಟಿಯಿಂದ ಶುರುವಾಗಿ ಪಾರ್ಟ್ ನಂಬರ್‌ವರೆಗೆ.

ನಾಲ್ಕು, ಮತ್ತು ಇದೇ ಮುಖ್ಯ. ಫಿಟ್ ಮಾಡುವ ಮೊದಲು ಪರೀಕ್ಷೆ ಮಾಡಿಸಿ. ಯಾಕೆ? ಮಾರಾಟಗಾರನ ಬಳಿ ಒಂದು ನ್ಯಾಯವಾದ ವಾದವೂ ಇದೆ. ಮೆಕ್ಯಾನಿಕ್ ಬ್ಯಾಟರಿಯ ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಆಲ್ಟರ್ನೇಟರ್ ಡಯೋಡ್ ಕ್ಷಣದಲ್ಲಿ ಸುಡುತ್ತೆ. ಚೆನ್ನಾಗಿದ್ದ ಮಾಲನ್ನ ಸುಟ್ಟು ವಾಪಸ್ ತರುವ ಗಿರಾಕಿಗಳೂ ಇದ್ದಾರೆ. ಮಾರುವವನೂ ಎಲ್ಲೋ ಲಾಟ್‌ನಲ್ಲಿ ತಂದಿರ್ತಾನೆ, ಅವನಿಗೂ ಹೊಟ್ಟೆಪಾಡು. "ಫಿಟ್ ಮಾಡಿದ್ದು ವಾಪಸ್ ಇಲ್ಲ" ಅನ್ನೋದು ಹುಟ್ಟಿದ್ದೇ ಹೀಗೆ.

ನಮ್ಮ ಕೇಸಲ್ಲೂ ಅವನು ಅದೇ ಹೇಳಿದ. "ನಿಮ್ಮ ಮೆಕ್ಯಾನಿಕ್ ಸುಟ್ಟಿದ್ದಾನೆ." ಹಲಸೂರಿನ ಆ ಎಲೆಕ್ಟ್ರೀಷಿಯನ್ ಆಲ್ಟರ್ನೇಟರ್ ಬಿಚ್ಚಿ ಬೆಂಚ್ ಮೇಲೆ ತಿರುಗಿಸಿದರು. ಗರಿಷ್ಠ ಬಂದಿದ್ದು 62 ಆಂಪಿಯರ್. ಬಾಡಿ ಮೇಲೆ ಹೊಸದಾಗಿ ಬಳಿದಿದ್ದ ಬಣ್ಣ ಉಜ್ಜಿದಾಗ ಕೆಳಗಿನ ತಗಡಿನಲ್ಲಿ 70 ಅಂತ ಅಚ್ಚು ಕಾಣಿಸ್ತು. ಸುಟ್ಟಿದ್ದರೆ 62 ಎಲ್ಲಿಂದ ಬರುತ್ತೆ? 70ರ ಹಳೇ ಆಲ್ಟರ್ನೇಟರ್ 62 ಕೊಡೋದು ಸಹಜ. ಅಂದ್ರೆ ಮಾಲು ಕೆಟ್ಟಿಲ್ಲ, ಅದು ಹೇಳಿದ ಮಾಲೇ ಅಲ್ಲ. ವಾದ ಅಲ್ಲಿಗೆ ಬಿತ್ತು. ಅದನ್ನ ಅವರು ತಾರೀಖು, ಸಹಿ, ಅಂಗಡಿ ಮೊಹರು ಹಾಕಿ ಬರೆದುಕೊಟ್ಟರು. ಬಾಯಿಮಾತಿನ ಪರೀಕ್ಷೆಗೆ ಬೆಲೆ ಇಲ್ಲ, ಕಾಗದ ಬೇಕು.

ಫೋನಿನ ಸಾಕ್ಷಿ ಬಗ್ಗೆ ಒಂದು ಮಾತು. ಸ್ಕ್ರೀನ್‌ಶಾಟ್ ಪ್ರಿಂಟ್ ಕೊಡುವಾಗ ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರದ ಪ್ರಮಾಣಪತ್ರ ಸೇರಿಸೋದು ಒಳ್ಳೇದು. ಮೂಲ ಮೆಸೇಜ್ ಇರುವ ಫೋನನ್ನ ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ.

ತಡ ಮಾಡಬೇಡಿ, ಸುಮ್ಮನಿರಬೇಡಿ

ಸರಕು ಮಾರಾಟ ಕಾಯ್ದೆಯಲ್ಲಿ "ಸ್ವೀಕಾರ" ಅಂತ ಒಂದು ವಿಷಯ ಇದೆ. ನೋಡದೆ ಕೊಂಡ ಮಾಲನ್ನ ಪರೀಕ್ಷಿಸೋಕೆ ನಿಮಗೆ ನ್ಯಾಯವಾದ ಅವಕಾಶ ಸಿಗಲೇಬೇಕು, ಅಲ್ಲಿವರೆಗೆ ನೀವು ಒಪ್ಪಿಕೊಂಡ ಹಾಗಲ್ಲ. ಇದು 41ನೇ ಕಲಂ. ಆದ್ರೆ ಬೇಡ ಅಂತ ತಿಳಿಸದೆ ಬಹಳ ದಿನ ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೆ. ಇದು 42. ಒಮ್ಮೆ ಒಪ್ಪಿಕೊಂಡ ಮೇಲೆ ಸಾಮಾನ್ಯವಾಗಿ ಮಾಲು ತಿರಸ್ಕರಿಸುವ ಹಕ್ಕು ಹೋಗುತ್ತೆ, ನಷ್ಟಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತೆ. ಹಾಗಾಗಿ ಗೊತ್ತಾದ ದಿನವೇ ಬರವಣಿಗೆಯಲ್ಲಿ "ಈ ಮಾಲು ನನಗೆ ಬೇಡ" ಅಂತ ತಿಳಿಸಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 43ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನ್ಯಾಯವಾಗಿ ತಿರಸ್ಕರಿಸಿದ ಮಾಲನ್ನ ಹೊತ್ತುಕೊಂಡು ಹೋಗಿ ವಾಪಸ್ ಕೊಡುವ ಹೊಣೆ ನಿಮ್ಮದಲ್ಲ. ಬೇಡ ಅಂತ ತಿಳಿಸಿದರೆ ಸಾಕು. "ಮೊದಲು ಮಾಲು ಕಳಿಸಿ, ಆಮೇಲೆ ನೋಡೋಣ" ಅಂದ್ರೆ ಕಣ್ಣುಮುಚ್ಚಿ ಕಳಿಸಬೇಡಿ. ನಿಮ್ಮ ದೊಡ್ಡ ಸಾಕ್ಷಿ ಅದೇ.

ಎದುರಿಗಿರೋದು ಯಾರು?

ಇದನ್ನ ಮೊದಲೇ ಗುರುತಿಸಿ. ಮಾರಿದವನು ವ್ಯಾಪಾರಿನಾ, ಅಥವಾ ನಿಮ್ಮ ಹಾಗೇ ಮನೆಯಲ್ಲಿದ್ದ ಹಳೇ ಸಾಮಾನು ಮಾರಿದ ವ್ಯಕ್ತಿನಾ?

ವ್ಯಾಪಾರಿಯಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಮತ್ತು ಇ-ಕಾಮರ್ಸ್ ನಿಯಮಗಳು 2020 ನಿಮ್ಮ ಜೊತೆ ಇವೆ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವಂತಿಲ್ಲ. ಇದು ಆ ನಿಯಮಗಳ 6ನೇ ನಿಯಮ. "ಫಿಟ್ ಮಾಡಿದ್ದು ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಕಾನೂನು ಅಳಿಸಿಹೋಗಲ್ಲ. ಬಿಲ್ ಕೊಡದಿರೋದೂ ಅನುಚಿತ ವ್ಯಾಪಾರವೇ. ಹಳೇ ಮಾಲು, ರೀಕಂಡೀಷನ್ ಮಾಡಿದ ಮಾಲನ್ನ ಹೊಸದು ಅಂತ ಮಾರೋದಂತೂ ಕಾಯ್ದೆಯಲ್ಲಿ ಪದಶಃ ಬರೆದಿರುವ ಅನುಚಿತ ವ್ಯಾಪಾರ.

ಹಾಗಾದ್ರೆ ಮಧ್ಯದಲ್ಲಿರುವ ಆನ್‌ಲೈನ್ ತಾಣ? "ನಾವು ಬರೀ ವೇದಿಕೆ" ಅಂತಾರೆ. ಆದರೂ ಅವರಿಗೆ ಕರ್ತವ್ಯ ಇದೆ. ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು ವಿಳಾಸ ತಾಣದಲ್ಲಿ ಕಾಣಬೇಕು. ದೂರು ಬಂದ 48 ಗಂಟೆಯಲ್ಲಿ ಬಂತು ಅಂತ ತಿಳಿಸಬೇಕು. ಒಂದು ತಿಂಗಳಲ್ಲಿ ಪರಿಹರಿಸಬೇಕು. ನೀವು ಲಿಖಿತವಾಗಿ ಕೇಳಿದರೆ ಮಾರಾಟಗಾರನ ವಿಳಾಸ ಕೊಡಬೇಕು. ವಿಳಾಸವೇ ಇಲ್ಲದೆ ನೋಟಿಸ್ ಎಲ್ಲಿಗೆ ಕಳಿಸ್ತೀರಿ? ಇದನ್ನ ಮರೀಬೇಡಿ.

ತಾಣಗಳಿಗೆ ಬಿಸಿ ಮುಟ್ಟಿಸಿದ ಉದಾಹರಣೆ ಇದೆ, ಅದೂ ಕಾರಿನದ್ದೇ. ಸೀಟ್ ಬೆಲ್ಟ್ ಹಾಕದಿದ್ದಾಗ ಬರುವ ಅಲಾರಂ ನಿಲ್ಲಿಸುವ ಕ್ಲಿಪ್ ಮಾರ್ತಿದ್ರಲ್ಲ? 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ತಾಣಗಳಿಗೆ ಆದೇಶ ಕೊಟ್ಟಿತು. 13,118 ಜಾಹೀರಾತು ಕಿತ್ತು ಹಾಕಬೇಕಾಯ್ತು.

ಮಾರಿದವನು ವ್ಯಾಪಾರಿ ಅಲ್ಲ, ಒಬ್ಬ ಖಾಸಗಿ ವ್ಯಕ್ತಿ, ಒಂದು ಸಲ ಮಾರಿದ್ದು ಅಂತಾದರೆ? ಇ-ಕಾಮರ್ಸ್ ನಿಯಮ ಅವನಿಗೆ ಅನ್ವಯಿಸಲ್ಲ. ಆದ್ರೆ 15ನೇ ಕಲಂ ಅನ್ವಯಿಸುತ್ತೆ, ಸುಳ್ಳು ಹೇಳಿ ಮಾಡಿಸಿದ ಒಪ್ಪಂದ ರದ್ದು ಮಾಡುವ ಹಕ್ಕು 1872ರ ಒಪ್ಪಂದ ಕಾಯ್ದೆಯಲ್ಲೂ ಇದೆ. ಅದಕ್ಕೆ ಸಿವಿಲ್ ಕೋರ್ಟ್ ದಾರಿ. ನಿಜ ಹೇಳ್ಬೇಕಂದ್ರೆ ಆರು ಸಾವಿರಕ್ಕೆ ಆ ದಾರಿ ದೂರ. ಅಂಥ ಕಡೆ ಕೊಳ್ಳುವಾಗಲೇ ಎದುರಿಗೆ ನಿಂತು ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕೊಡಿ.

ದುಡ್ಡು ತಗೊಂಡು ಮಾಲೇ ಕಳಿಸದೆ ಫೋನ್ ಆಫ್ ಮಾಡಿದರೆ ಅದು ಬೇರೆ ವಿಷಯ. ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆ ಸಹಾಯವಾಣಿ. ಬೇಗ ಮಾಡಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು. ಆದ್ರೆ ಮಾಲು ಬಂದಿದೆ, ಗುಣ ಸರಿ ಇಲ್ಲ ಅನ್ನೋ ಜಗಳಕ್ಕೆ ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್" ಅಂತ ಕಳಿಸ್ತಾರೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಪ್ರಕಾರ ವಂಚನೆ ಅನ್ನೋಕೆ ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು.

ಕ್ಯಾಬ್ ಓಡಿಸುವವನು ಗ್ರಾಹಕನಾ?

ಮಾರಾಟಗಾರ ಇನ್ನೊಂದು ಬಾಣ ಬಿಟ್ಟ. "ಅದು ಹಳದಿ ಬೋರ್ಡ್ ಗಾಡಿ. ನೀವು ವ್ಯಾಪಾರಕ್ಕೆ ಕೊಂಡಿದ್ದು. ನೀವು ಗ್ರಾಹಕರೇ ಅಲ್ಲ." ನಮ್ಮ ಚಾಲಕರ ಮುಖ ಇಳಿದುಹೋಯ್ತು.

ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅನ್ನೋದು ನಿಜ. ಆದ್ರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕೊಂಡಿದ್ದು ವಾಣಿಜ್ಯ ಉದ್ದೇಶ ಅಲ್ಲ ಅಂತ ಅದೇ ಕಾಯ್ದೆ ಹೇಳುತ್ತೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿದೆ. ಜೀವನೋಪಾಯಕ್ಕೆ ತಾನೇ ಓಡಿಸೋಕೆ ಆಟೋ ಕೊಂಡವನು ಗ್ರಾಹಕ. ಬೇರೆಯವರ ಕೈಲೇ ಓಡಿಸೋಕೆ ಕೊಂಡವನು ಅಲ್ಲ. ನಮ್ಮವರದ್ದು ಒಂದೇ ಗಾಡಿ, ಅವರೇ ಡ್ರೈವರ್. ಹತ್ತು ಗಾಡಿ ಇಟ್ಟು ಡ್ರೈವರ್‌ಗಳನ್ನ ಇಟ್ಟವರಾಗಿದ್ದರೆ ಉತ್ತರ ಬೇರೆ ಇರ್ತಿತ್ತು. ಇದನ್ನ ದೂರಿನಲ್ಲೇ ಬರೀಬೇಕು: "ಇದು ನನ್ನ ಏಕೈಕ ವಾಹನ, ನಾನೇ ಚಾಲಕ, ಇದೇ ನನ್ನ ಜೀವನೋಪಾಯ."

ದೂರು ಹೇಗೆ ಬರೀಬೇಕು?

ಅವರು ಮೊದಲು ಬರೆದಿದ್ದು ಎರಡು ಪುಟ. ಬೈಗುಳ, ಶಾಪ, ಮಳೆ, ಮಗಳ ಫೀಸು ಎಲ್ಲ ಇತ್ತು. ಓದಿ ನನಗೂ ಸಂಕಟ ಆಯ್ತು. ಆದ್ರೆ ಅದನ್ನ ಓದಿದವರಿಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಕೂತು ಹೀಗೆ ಬರೆಸಿದೆ:

"ಇಂಥ ದಿನಾಂಕ ಇಂಥ ಆರ್ಡರ್ ಸಂಖ್ಯೆಯಲ್ಲಿ 6,800 ರೂಪಾಯಿಗೆ ಆಲ್ಟರ್ನೇಟರ್ ಕೊಂಡಿದ್ದೇನೆ. ಜಾಹೀರಾತಿನಲ್ಲಿ 90 ಆಂಪಿಯರ್ ಎಂದಿತ್ತು, ಪ್ರತಿ ಲಗತ್ತಿಸಿದೆ. ಬಂದಿರುವುದು 70 ಆಂಪಿಯರ್‌ನದು, ತಗಡಿನ ಫೋಟೋ ಮತ್ತು ಪರೀಕ್ಷಾ ವರದಿ ಲಗತ್ತಿಸಿದೆ. ಈ ಮಾಲನ್ನು ತಿರಸ್ಕರಿಸಿದ್ದೇನೆ. ಮಾಲು ನನ್ನಲ್ಲಿ ಸುರಕ್ಷಿತವಾಗಿದೆ, ನಿಮ್ಮ ಖರ್ಚಿನಲ್ಲಿ ಒಯ್ಯಬಹುದು. 6,800 ರೂಪಾಯಿ, ಫಿಟ್ಟಿಂಗ್ ಕೂಲಿ 900 ಮತ್ತು ಟೋಯಿಂಗ್ ಖರ್ಚು 1,500 ರೂಪಾಯಿಯನ್ನು 15 ದಿನದಲ್ಲಿ ಕೊಡಬೇಕು. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ."

ಇಷ್ಟೇ. ಏನು ಹೇಳಿದ್ದ, ಏನು ಬಂತು, ಸಾಕ್ಷಿ ಏನು, ಏನು ಬೇಕು, ಯಾವಾಗ ಬೇಕು. ಐದು ವಿಷಯ. ಒಂದು ಪ್ರತಿ ಮಾರಾಟಗಾರನಿಗೆ, ಒಂದು ತಾಣದ ಕುಂದುಕೊರತೆ ಅಧಿಕಾರಿಗೆ. ಈಮೇಲ್ ಜೊತೆ ಅಂಚೆಯಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕಾರ್ಡ್‌ನಲ್ಲಿ ದುಡ್ಡು ಕಟ್ಟಿದ್ದರೆ ಬ್ಯಾಂಕಿಗೂ ಕೂಡಲೇ ಚಾರ್ಜ್‌ಬ್ಯಾಕ್ ಕೇಳಿ, ಅದಕ್ಕೆ ಗಡುವು ಇರುತ್ತೆ. ಯುಪಿಐನಲ್ಲಿ ನೀವಾಗಿಯೇ ಕಳಿಸಿದ ದುಡ್ಡು ತಾನಾಗಿ ವಾಪಸ್ ಬರಲ್ಲ.

ಅಷ್ಟಕ್ಕೂ ಜಗ್ಗದಿದ್ದರೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟ್ ಅಲ್ಲ, ನಿಮ್ಮ ದೂರನ್ನ ಕಂಪನಿಗೆ ತಲುಪಿಸಿ ಉತ್ತರ ಕೇಳುವ ವ್ಯವಸ್ಥೆ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. "ಎಲ್ಲಿದೆ ಸಾರ್?" ಅಂದ್ರಲ್ಲ, ಬೆಂಗಳೂರಿನ ಆಯೋಗಗಳಲ್ಲಿ ಕೆಲವು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿವೆ. ಆದ್ರೆ ದೂರು ಕೊಡೋಕೆ ಅಲ್ಲಿಗೇ ಹೋಗಬೇಕಂತಿಲ್ಲ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಇದೆ, ಮನೆಯಿಂದಲೇ ಹಾಕಬಹುದು. ಮಾರಿದವನು ದೆಹಲಿಯಲ್ಲಿದ್ದರೂ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು, ಇದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಗಡುವು ಎರಡು ವರ್ಷ. ಲ್ಯಾಬ್ ಪರೀಕ್ಷೆ ಬೇಡದ ಕೇಸು, ಎದುರಾಳಿಗೆ ನೋಟಿಸ್ ತಲುಪಿ ಮೂರು ತಿಂಗಳಲ್ಲಿ, ಬೇಕಾದ ಕೇಸು ಐದು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತೆ. ಆಗಬೇಕು ಅಂತ ಹೇಳುತ್ತೆ. ಪ್ರತಿ ಸಲ ಹಾಗೇ ಆಗುತ್ತೆ ಅಂತ ನಾನು ಹೇಳಲ್ಲ.

ಇನ್ನೊಂದು ಎಚ್ಚರಿಕೆ, ಇದು ಜೀವದ ವಿಷಯ. ಆಲ್ಟರ್ನೇಟರ್, ಬಾಗಿಲು, ಕನ್ನಡಿ ಹಳೇದು ತಗೊಳ್ಳಿ, ತೊಂದರೆ ಇಲ್ಲ. ಏರ್‌ಬ್ಯಾಗ್, ಸೀಟ್ ಬೆಲ್ಟ್, ಬ್ರೇಕ್ ಪ್ಯಾಡ್ ಹಳೇದು ಬೇಡವೇ ಬೇಡ. ಅಲ್ಲಿ ಸುಳ್ಳು ಗೊತ್ತಾಗೋದು ಅಪಘಾತದ ದಿನ. ಅವತ್ತು ರೀಫಂಡ್ ಯಾರಿಗೆ ಬೇಕು?

ಕೊನೆಗೆ ಏನಾಯ್ತು?

ನೋಟಿಸ್ ಹೋದ 17ನೇ ದಿನ 6,800 ರೂಪಾಯಿ ವಾಪಸ್ ಬಂತು. ಚಾನೆಲ್ ಹೆಸರಿಲ್ಲದೆ, ಮೈಕ್ ಇಲ್ಲದೆ. ಆಲ್ಟರ್ನೇಟರನ್ನ ಅವರೇ ಬಂದು ಒಯ್ದರು, ಒಯ್ಯುವ ಮುನ್ನ ಅದರ ತಗಡಿನ ಫೋಟೋ ಮತ್ತೊಮ್ಮೆ ತೆಗೆದಿಟ್ಟೆವು. ಫಿಟ್ಟಿಂಗ್, ಟೋಯಿಂಗ್ ಸೇರಿ 2,400 ರೂಪಾಯಿ ಕೊಡಲಿಲ್ಲ. ನಾಲ್ಕು ದಿನ ಗಾಡಿ ನಿಂತಿದ್ದರ ಬಾಡಿಗೆಯಂತೂ ಯಾರೂ ಕೊಡಲಿಲ್ಲ. ರೀಫಂಡ್ ಕೊಡುವಾಗ "ಪೂರ್ತಿ ಮತ್ತು ಅಂತಿಮ ಇತ್ಯರ್ಥ" ಅನ್ನೋ ಕಾಗದಕ್ಕೆ ಸಹಿ ಕೇಳಿದ್ರು. ನಮ್ಮವರು ಹಾಕಲಿಲ್ಲ. ಹಾಕಿದ್ದರೆ ಉಳಿದ ದುಡ್ಡಿನ ಬಾಗಿಲು ಅಲ್ಲೇ ಮುಚ್ಚುವ ಅಪಾಯ ಇತ್ತು. ನೀವೂ ಓದದೆ ಹಾಕಬೇಡಿ.

"ಉಳಿದದ್ದಕ್ಕೆ ಆಯೋಗಕ್ಕೆ ಹೋಗೋಣ, ಶುಲ್ಕ ಇಲ್ಲ, ನಾನೇ ಟೈಪ್ ಮಾಡಿಕೊಡ್ತೀನಿ" ಅಂದೆ. ಅವರು ನಕ್ಕರು. "ಸಾರ್, ನಾಲ್ಕು ದಿನ ನಿಂತಿದ್ದಕ್ಕೇ ಈ ತಿಂಗಳ ಕಂತು ತಡ ಆಯ್ತು. ಇನ್ನೊಂದು ದಿನ ಗಾಡಿ ನಿಲ್ಸೋಕೆ ಆಗಲ್ಲ." ಶುಲ್ಕ ಇಲ್ಲದ ನ್ಯಾಯಕ್ಕೂ ಒಂದು ದಿನದ ದುಡಿಮೆ ಬೆಲೆ ಇದೆ. ಆನ್‌ಲೈನ್ ಫೈಲಿಂಗ್ ಇದೆ, ವಿಡಿಯೋ ವಿಚಾರಣೆ ಇದೆ ಅಂತ ಹೇಳಿದೆ. ಯೋಚನೆ ಮಾಡ್ತೀನಿ ಅಂದರು.

ನಿನ್ನೆ ರಾತ್ರಿಯೂ ಅವರದ್ದೇ ಗಾಡಿಯಲ್ಲಿ ಮನೆಗೆ ಹೋದೆ. ಈಗಿರುವ ಆಲ್ಟರ್ನೇಟರ್ ಶಿವಾಜಿನಗರದ್ದು, ಎದುರಿಗೇ ನಿಂತು ಟೆಸ್ಟ್ ಮಾಡಿಸಿ, ಬಿಲ್ ಬರೆಸಿ ತಂದಿದ್ದು. ಗ್ಲೋವ್ ಬಾಕ್ಸ್ ತೆಗೆದು ತೋರಿಸಿದರು. ಕಂದು ಕವರ್. ಸ್ಕ್ರೀನ್‌ಶಾಟ್, ಪರೀಕ್ಷಾ ವರದಿ, ನೋಟಿಸ್, ಅಂಚೆ ರಸೀದಿ ಎಲ್ಲ ಒಳಗಿದೆ. ಮೇಲೆ ಪೆನ್ನಿನಲ್ಲಿ ಒಂದು ತಾರೀಖು ಬರೆದಿಟ್ಟಿದ್ದಾರೆ. ಎರಡು ವರ್ಷದ ಗಡುವು ಮುಗಿಯುವ ತಾರೀಖು.

"ಇನ್ನೂ ಟೈಮ್ ಇದೆ ಸಾರ್" ಅಂದರು.